ಮಗು, ತಂದೆತಾಯಿ, ಕವಿತೆ: ಬ್ಲೇಕ್‌ನಿಂದ ವರ್ಡ್ಸ್‌ವರ್ತ್‌ವರೆಗೆ ಮುಗ್ಧತೆ ಮತ್ತು ಅನುಭವವನ್ನು ಓದುವ ಕ್ರಮ

ಇಂಗ್ಲಿಷ್ ರೊಮ್ಯಾಂಟಿಕ್ ಕಾವ್ಯದ ಬಗ್ಗೆ ಬರೆದ ಉತ್ತರಪತ್ರಿಕೆಗಳಲ್ಲೂ ಸೆಮಿನಾರ್ ಪ್ರಬಂಧಗಳಲ್ಲೂ ಒಂದೇ ಮಾತು ವೇಷ ಬದಲಿಸಿಕೊಂಡು ಮರಳಿ ಬರುತ್ತದೆ: ಮುಗ್ಧತೆ ಎಂದರೆ ಬಾಲ್ಯ, ಅನುಭವ ಎಂದರೆ ದೊಡ್ಡವರ ಲೋಕ, ಮೊದಲನೆಯದರಲ್ಲಿ ತಂದೆತಾಯಿಯ ಪ್ರೀತಿ ತುಂಬಿದೆ, ಎರಡನೆಯದರಲ್ಲಿ ಅದು ಕಾಣೆಯಾಗಿದೆ. ವಿಲಿಯಂ ಬ್ಲೇಕ್‌ನ ‘ಸಾಂಗ್ಸ್ ಆಫ್ ಇನೊಸೆನ್ಸ್ ಅಂಡ್ ಆಫ್ ಎಕ್ಸ್‌ಪೀರಿಯನ್ಸ್’ (ಮುಗ್ಧತೆಯ ಮತ್ತು ಅನುಭವದ ಹಾಡುಗಳು) ಎಂಬ ಎರಡು ಭಾಗದ ಸಂಕಲನದ ಪದ್ಯಗಳನ್ನು ತೆರೆದಿಟ್ಟುಕೊಂಡು ಪರೀಕ್ಷಿಸಿದರೆ ಈ ಮಾತು ನಿಲ್ಲುವುದಿಲ್ಲ. ಮುಗ್ಧತೆಯ ಭಾಗದಲ್ಲೇ ಒಬ್ಬ ತಂದೆ ಮಗನನ್ನು ಮಾರುತ್ತಾನೆ. ಅನುಭವದ ಭಾಗದಲ್ಲಿ ಇನ್ನೊಬ್ಬ ತಂದೆ ಮಗಳನ್ನು ಪ್ರೀತಿಯಿಂದಲೇ ನೋಡುತ್ತಾನೆ, ಆ ನೋಟಕ್ಕೇ ಅವಳ ಮೈ ನಡುಗುತ್ತದೆ.

ಇಂಥ ಬರಹಗಳು ಸೋಲುವುದಕ್ಕೆ ಮುಖ್ಯ ಕಾರಣ ಕೆಲಸದ ಕ್ರಮ ತಲೆಕೆಳಗಾಗಿರುವುದು. ಮೊದಲು ಗೈಡ್, ಆಮೇಲೆ ಕವಿಯ ಜೀವನ, ಕೊನೆಗೆ ಸಮಯ ಉಳಿದರೆ ಪದ್ಯ ಎಂಬ ಕ್ರಮದಲ್ಲಿ ಓದಿದವರಿಗೆ ಪದ್ಯವು ಈಗಾಗಲೇ ಸಿದ್ಧವಾಗಿರುವ ತೀರ್ಮಾನಕ್ಕೆ ಸಾಕ್ಷಿ ಹೇಳುವ ಕೆಲಸವನ್ನಷ್ಟೇ ಮಾಡುತ್ತದೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಬೇಕು. ವಿಶೇಷವಾಗಿ ಆರನೆಯ ಹಂತವನ್ನು ಮೊದಲಿಗೆ ತರಬಾರದು.

ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಬ್ಲೇಕ್ ವೃತ್ತಿಯಿಂದ ಲೋಹದ ಹಲಗೆಯ ಮೇಲೆ ಚಿತ್ರ ಕೊರೆಯುವವನಾಗಿದ್ದ. ಪದ್ಯ ಮತ್ತು ಚಿತ್ರಗಳನ್ನು ಒಂದೇ ತಾಮ್ರದ ಹಲಗೆಯ ಮೇಲೆ ಮೂಡಿಸಿ, ಅಚ್ಚು ಹಾಕಿ, ಕೈಯಿಂದ ಬಣ್ಣ ತುಂಬುತ್ತಿದ್ದ. ಆದ್ದರಿಂದ ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಬರಿಯ ಸಾಲುಗಳು ಅರ್ಧ ಕೃತಿ ಮಾತ್ರ. ಮೂಲ ಪುಟಗಳ ಚಿತ್ರಗಳನ್ನು ವಿಲಿಯಂ ಬ್ಲೇಕ್ ಆರ್ಕೈವ್ ಎಂಬ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಬ್ಲೇಕ್‌ನ ಕಾಲದ ಇನ್ನಿಬ್ಬರು ಕವಿಗಳಾದ ಕೋಲ್‌ರಿಜ್ ಮತ್ತು ವರ್ಡ್ಸ್‌ವರ್ತ್‌ರ ಪದ್ಯಗಳಿಗೆ, ಯಾವ ವರ್ಷದ ಪಾಠ (ಪದ್ಯದ ರೂಪ) ಎಂದು ಸ್ಪಷ್ಟವಾಗಿ ನಮೂದಿಸಿರುವ ಆವೃತ್ತಿ ಬೇಕು. ಇಬ್ಬರೂ ಪ್ರಕಟವಾದ ಪದ್ಯಗಳನ್ನು ವರ್ಷಗಟ್ಟಲೆ ತಿದ್ದುತ್ತಿದ್ದವರು.

ಇವುಗಳ ಜೊತೆಗೆ ಮೂರು ಅಂಕಣ ಎಳೆದ ಹಾಳೆ ಇರಲಿ: ಮಾತಾಡುವವರು, ತಂದೆತಾಯಿಯ ಕ್ರಿಯೆ, ಮಗುವಿಗೆ ಆಗುವುದು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಮೂಲಕ ಈ ಕಾವ್ಯಕ್ಕೆ ಬಂದ ಕನ್ನಡ ಓದುಗರು ನೆನಪಿಡಬೇಕಾದ ಸಂಗತಿಯೊಂದಿದೆ. ಅವು ಕನ್ನಡದಲ್ಲಿ ಹೊಸದಾಗಿ ಹುಟ್ಟಿದ ಕವಿತೆಗಳು. ಇಲ್ಲಿ ಮಾಡಲಿರುವ ಸೂಕ್ಷ್ಮ ಪರಿಶೀಲನೆಗೆ ಅವುಗಳನ್ನು ಮೂಲದ ಬದಲಿಗೆ ಬಳಸಬಾರದು.

ಹಂತ 1: ಜೋಡಿಗಳನ್ನು ಗುರುತಿಸುವುದು

‘ಸಾಂಗ್ಸ್ ಆಫ್ ಇನೊಸೆನ್ಸ್’ 1789ರಲ್ಲಿ ಬಂತು. 1794ರಲ್ಲಿ ಬ್ಲೇಕ್ ಅದಕ್ಕೆ ಅನುಭವದ ಪದ್ಯಗಳನ್ನು ಸೇರಿಸಿ, ಮನುಷ್ಯಾತ್ಮದ ಎರಡು ವಿರುದ್ಧ ಸ್ಥಿತಿಗಳನ್ನು ತೋರಿಸುವ ಪದ್ಯಗಳು ಎಂಬ ಅರ್ಥದ ಉಪಶೀರ್ಷಿಕೆ ಕೊಟ್ಟ. ‘ಸ್ಥಿತಿ’ ಎಂದು ಅವನೇ ಹೇಳಿರುವಾಗ ‘ವಯಸ್ಸು’ ಎಂದು ನಾವು ಓದುವುದಕ್ಕೆ ಆಧಾರವಿಲ್ಲ.

ಜೋಡಿಗಳು ಮೂರು ಬಗೆಯವು. ‘ದಿ ಚಿಮ್ನಿ ಸ್ವೀಪರ್’ (ಹೊಗೆಗೂಡು ಗುಡಿಸುವ ಹುಡುಗ), ‘ನರ್ಸಸ್ ಸಾಂಗ್’ (ದಾದಿಯ ಹಾಡು), ‘ಹೋಲಿ ಥರ್ಸ್‌ಡೇ’ ಎರಡೂ ಭಾಗಗಳಲ್ಲಿ ಒಂದೇ ಹೆಸರಿನಲ್ಲಿವೆ. ‘ಇನ್‌ಫೆಂಟ್ ಜಾಯ್’ ಮತ್ತು ‘ಇನ್‌ಫೆಂಟ್ ಸಾರೋ’ ಹೆಸರಿನಲ್ಲೇ ಎದುರುಬದುರಾಗಿವೆ. ಮೂರನೆಯ ಬಗೆಯೇ ಅಪಾಯದ್ದು: ಮುಗ್ಧತೆಯ ಭಾಗದಲ್ಲಿ ‘ದಿ ಲಿಟಲ್ ಬಾಯ್ ಲಾಸ್ಟ್’ ಇದೆ, ಅನುಭವದ ಭಾಗದಲ್ಲಿ ‘ಎ ಲಿಟಲ್ ಬಾಯ್ ಲಾಸ್ಟ್’ ಇದೆ. ಮೊದಲನೆಯದರಲ್ಲಿ ಕತ್ತಲಲ್ಲಿ ತಪ್ಪಿಸಿಕೊಂಡ ಹುಡುಗ, ಮುಂದಿನ ಪದ್ಯದಲ್ಲಿ ತಾಯಿಯನ್ನು ಸೇರುತ್ತಾನೆ. ಎರಡನೆಯದರಲ್ಲಿ ಹುಡುಗನನ್ನು ಪಾದ್ರಿಯೊಬ್ಬ ಎಳೆದೊಯ್ದು ಸುಡಿಸುತ್ತಾನೆ. ಶೀರ್ಷಿಕೆಯ ಒಂದಕ್ಷರವನ್ನು ಗಮನಿಸದೆ ಒಂದು ಪದ್ಯದ ಅಂತ್ಯವನ್ನು ಇನ್ನೊಂದಕ್ಕೆ ಅಂಟಿಸಿದ ಉತ್ತರಗಳು ಪ್ರತಿವರ್ಷವೂ ಸಿಗುತ್ತವೆ.

ಪದ್ಯ ಯಾವ ಭಾಗದಲ್ಲಿದೆ ಎಂಬುದನ್ನೇ ಅದರ ಅರ್ಥವೆಂದು ತಿಳಿಯಬಾರದು. ‘ದಿ ಸ್ಕೂಲ್ ಬಾಯ್’, ‘ದಿ ಲಿಟಲ್ ಗರ್ಲ್ ಲಾಸ್ಟ್’, ‘ದಿ ಲಿಟಲ್ ಗರ್ಲ್ ಫೌಂಡ್’ ಮೊದಲು ಮುಗ್ಧತೆಯ ಭಾಗದಲ್ಲಿದ್ದವು. ಆಮೇಲೆ ಬ್ಲೇಕ್ ಅವುಗಳನ್ನು ಅನುಭವದ ಭಾಗಕ್ಕೆ ಸಾಗಿಸಿದ. ಗಡಿಯನ್ನು ಕವಿಯೇ ಸರಿಸುತ್ತಿದ್ದ.

ಹಂತ 2: ಮಾತಾಡುತ್ತಿರುವುದು ಯಾರು?

ಪ್ರತಿ ಪದ್ಯದ ಮೊದಲ ಅಂಕಣವನ್ನು ತುಂಬದೆ ಮುಂದಿನ ಹಂತಕ್ಕೆ ಹೋಗಬಾರದು. ‘ಇನ್‌ಫೆಂಟ್ ಜಾಯ್’ನಲ್ಲಿ ಎರಡು ದಿನದ ಮಗು ತನಗೆ ಹೆಸರಿಲ್ಲವೆನ್ನುತ್ತದೆ, ಏನೆಂದು ಕರೆಯಲಿ ಎಂದು ದೊಡ್ಡವರ ದನಿಯೊಂದು ಕೇಳುತ್ತದೆ, ಮಗು ತಾನು ಸಂತೋಷವೆಂದು ಉತ್ತರಿಸುತ್ತದೆ. ಎರಡು ದಿನದ ಮಗು ಮಾತಾಡುವುದಿಲ್ಲ ಎಂಬ ಸರಳ ಸತ್ಯವನ್ನು ಇಲ್ಲಿ ಮರೆಯಬಾರದು. ಮಗುವಿನ ಬಾಯಿಂದ ಬಂದಂತೆ ಕಾಣುವ ಮಾತು ಅದನ್ನು ಎತ್ತಿಕೊಂಡಿರುವವರ ಹಾರೈಕೆಯೂ ಆಗಿರಬಹುದು.

‘ನರ್ಸಸ್ ಸಾಂಗ್’ ಜೋಡಿಯಲ್ಲಿ ಇದೇ ಪ್ರಶ್ನೆ ಇನ್ನೂ ಚೊಕ್ಕವಾಗಿ ಕೆಲಸ ಮಾಡುತ್ತದೆ. ಎರಡೂ ಪದ್ಯಗಳು ಒಂದೇ ಸಾಲಿನಿಂದ ಶುರುವಾಗುತ್ತವೆ, ಕತ್ತಲಾಯಿತು ಮನೆಗೆ ಬನ್ನಿ ಎಂಬ ಕರೆಯೂ ಎರಡರಲ್ಲೂ ಇದೆ. ಮೊದಲನೆಯದರಲ್ಲಿ ಮಕ್ಕಳು ವಾದ ಮಾಡುತ್ತಾರೆ: ಇನ್ನೂ ಬೆಳಕಿದೆ, ಹಕ್ಕಿಗಳು ಹಾರುತ್ತಿವೆ, ಗುಡ್ಡದ ತುಂಬ ಕುರಿಗಳಿವೆ. ದಾದಿ ಸೋಲುತ್ತಾಳೆ, ಆಟ ಮುಂದುವರಿಯುತ್ತದೆ. ಎರಡನೆಯ ಪದ್ಯ ಮೊದಲನೆಯದರ ಅರ್ಧದಷ್ಟೇ ಉದ್ದ. ಅದರಲ್ಲಿ ಮಕ್ಕಳಿಗೆ ಒಂದು ಮಾತೂ ಇಲ್ಲ. ತನ್ನ ಯೌವನ ನೆನಪಾಗಿ ಅವಳ ಮುಖವೇ ಕಳೆಗುಂದುತ್ತದೆ, ಮಕ್ಕಳ ಹಗಲು ಆಟದಲ್ಲಿ ವ್ಯರ್ಥವಾಗುತ್ತಿದೆ ಎಂದು ಅವಳೇ ತೀರ್ಪು ಕೊಟ್ಟುಬಿಡುತ್ತಾಳೆ. ಅನುಭವ ಇರುವುದು ಮಕ್ಕಳಲ್ಲಿ ಅಲ್ಲ, ಕರೆಯುವ ದನಿಯಲ್ಲಿ. ಒಬ್ಬಳು ಮಕ್ಕಳ ಮಾತಿಗೆ ಕಿವಿಗೊಟ್ಟಳು, ಇನ್ನೊಬ್ಬಳು ತನ್ನ ಮಾತನ್ನಷ್ಟೇ ಕೇಳಿಕೊಂಡಳು. ಈ ಒಂದು ಜೋಡಿಯನ್ನು ಸರಿಯಾಗಿ ಓದಿದವರಿಗೆ ಉಳಿದವು ಅರ್ಧ ಸುಲಭವಾಗುತ್ತವೆ.

ಎಚ್ಚರಿಕೆಯ ಲಕ್ಷಣ: ಕರಡಿನಲ್ಲಿ “ಬ್ಲೇಕ್ ಹೇಳುತ್ತಾನೆ” ಎಂಬ ಪದಗಳು ಕಂಡ ಕಡೆಯೆಲ್ಲ ನಿಲ್ಲಿ. ಮುಗ್ಧತೆಯ ‘ಚಿಮ್ನಿ ಸ್ವೀಪರ್’ನ ಕೊನೆಯ ಸಾಲು, ಎಲ್ಲರೂ ತಮ್ಮ ಕರ್ತವ್ಯ ಮಾಡಿದರೆ ಕೇಡಿನ ಭಯವಿಲ್ಲ ಎನ್ನುತ್ತದೆ. ಅದು ಹೊಗೆಗೂಡಿನ ಮಸಿ ಗುಡಿಸುವ ಕೆಲಸದ ಹುಡುಗನ ಮಾತು, ತನಗಿಂತ ಹೆಚ್ಚು ಹೆದರಿದವನನ್ನು ಸಮಾಧಾನಪಡಿಸಿದವನ ಮಾತು. ಕವಿಯ ಉಪದೇಶವೆಂದು ಅದನ್ನು ಉದ್ಧರಿಸಿದ ಕ್ಷಣವೇ ಪದ್ಯ ಕೈಬಿಟ್ಟು ಹೋಗುತ್ತದೆ.

ಹಂತ 3: ತಂದೆತಾಯಿ ಏನು ಮಾಡುತ್ತಾರೆ?

ಇದು ಇಡೀ ಕೆಲಸದ ತಿರುಳು, ಹೆಚ್ಚು ಸಮಯ ಇಲ್ಲಿಯೇ ಹೋಗಬೇಕು. ‘ಪ್ರೀತಿಸುತ್ತಾರೆ’, ‘ಕಾಳಜಿ ವಹಿಸುತ್ತಾರೆ’ ಎಂಬ ಭಾವದ ಮಾತುಗಳನ್ನು ಎರಡನೆಯ ಅಂಕಣಕ್ಕೆ ಸೇರಿಸಬೇಡಿ. ಕಣ್ಣಿಗೆ ಕಾಣುವ ಕ್ರಿಯಾಪದಗಳನ್ನಷ್ಟೇ ಬರೆಯಿರಿ: ಎತ್ತಿದರು, ಬಿಟ್ಟರು, ಅತ್ತರು, ಮಾರಿದರು, ಪ್ರಾರ್ಥಿಸಲು ಹೋದರು.

ಮುಗ್ಧತೆಯ ‘ಚಿಮ್ನಿ ಸ್ವೀಪರ್’ಗೆ ಹೀಗೆ ಪಟ್ಟಿ ಮಾಡಿ. ತಾಯಿ ಸತ್ತಳು, ತಂದೆ ಮಾರಿದ. ಎರಡೂ ಮೊದಲೆರಡು ಸಾಲುಗಳಲ್ಲೇ ಮುಗಿಯುತ್ತವೆ, ಹುಡುಗನ ದನಿಯಲ್ಲಿ ದೂರಿಲ್ಲ. ಆಮೇಲೆ ಟಾಮ್ ಡೇಕರ್ ಎಂಬ ಹುಡುಗನ ತಲೆ ಬೋಳಿಸುತ್ತಾರೆ, ಅವನು ಅಳುತ್ತಾನೆ. ಕೂದಲಿಗೆ ಮಸಿ ಹತ್ತುವ ಭಯ ಇನ್ನಿಲ್ಲವೆಂದು ನಿರೂಪಕ ಹುಡುಗ ಸಂತೈಸುತ್ತಾನೆ. ರಾತ್ರಿ ಟಾಮ್‌ಗೆ ಕನಸು: ಕಪ್ಪು ಶವಪೆಟ್ಟಿಗೆಗಳಲ್ಲಿ ಬಿದ್ದ ಸಾವಿರಾರು ಹುಡುಗರನ್ನು ದೇವದೂತ ಬಿಡಿಸುತ್ತಾನೆ, ಒಳ್ಳೆಯ ಹುಡುಗನಾದರೆ ದೇವರೇ ತಂದೆಯಾಗುತ್ತಾನೆ ಎಂಬ ಭರವಸೆ ಸಿಗುತ್ತದೆ. ಈಗ ಪಟ್ಟಿಯನ್ನು ನೋಡಿ. ತಂದೆ ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಮಾಡಿದವನು ಇನ್ನೊಬ್ಬ ಮಾರಲ್ಪಟ್ಟ ಮಗು. ಮುಗ್ಧತೆ ಎಂದರೆ ಕಷ್ಟ ಕಾಣದಿರುವುದು ಎಂಬ ವ್ಯಾಖ್ಯೆ ಇಲ್ಲಿಗೆ ಬಿದ್ದುಹೋಗಬೇಕು; ಈ ಮಕ್ಕಳು ಕಂಡಿರುವಷ್ಟು ಕಷ್ಟವನ್ನು ಅನುಭವದ ಭಾಗದ ಅನೇಕ ದೊಡ್ಡವರು ಕಂಡಿಲ್ಲ. ಕಷ್ಟದ ನಡುವೆಯೂ ಜಗತ್ತಿನ ಮೇಲಿನ ನಂಬಿಕೆ ಉಳಿದಿದೆ, ಆ ನಂಬಿಕೆಯನ್ನು ದುಡಿಸಿಕೊಳ್ಳುವವರೂ ಇದ್ದಾರೆ.

ಇದಕ್ಕೆ ಎದುರಾಗಿ ಅನುಭವದ ‘ಚಿಮ್ನಿ ಸ್ವೀಪರ್’ ಹನ್ನೆರಡೇ ಸಾಲಿನದು. ಹಿಮದಲ್ಲಿ ಕಪ್ಪಗೆ ಕಾಣುವ ಪುಟ್ಟ ಜೀವವನ್ನು ಯಾರೋ ಕೇಳುತ್ತಾರೆ: ನಿನ್ನ ತಂದೆತಾಯಿ ಎಲ್ಲಿ? ಇಬ್ಬರೂ ಚರ್ಚಿಗೆ ಪ್ರಾರ್ಥನೆಗೆ ಹೋಗಿದ್ದಾರೆ. ಇಲ್ಲಿ ತಾಯಿ ಸತ್ತಿಲ್ಲ, ತಂದೆ ಓಡಿಹೋಗಿಲ್ಲ. ತಾನು ಬಯಲಿನಲ್ಲಿ ಖುಷಿಯಾಗಿದ್ದುದರಿಂದಲೇ ಅವರು ತನಗೆ ಸಾವಿನ ಬಟ್ಟೆ ತೊಡಿಸಿದರು ಎನ್ನುತ್ತದೆ ಮಗು. ಈಗಲೂ ತಾನು ಹಾಡುತ್ತ ಕುಣಿಯುತ್ತ ಇರುವುದರಿಂದ, ತನಗೆ ಏನೂ ಅನ್ಯಾಯ ಮಾಡಿಲ್ಲವೆಂದು ಅವರು ತಿಳಿದಿದ್ದಾರೆ ಎಂದೂ ಹೇಳುತ್ತದೆ. ಈ ಕೊನೆಯ ಮಾತನ್ನು ಬಿಟ್ಟು ಬರೆದ ಉತ್ತರ ಅಪೂರ್ಣ. ಇವರು ಮಗುವಿನ ಕುಣಿತವನ್ನೇ ತಮ್ಮ ನಿರ್ದೋಷಕ್ಕೆ ಪುರಾವೆ ಮಾಡಿಕೊಂಡ ತಂದೆತಾಯಿ. ಅವರನ್ನು ಸುಮ್ಮನೆ ‘ಕ್ರೂರಿಗಳು’ ಎಂದು ಕರೆದರೆ ಬ್ಲೇಕ್‌ನ ಆರೋಪದ ಮೊನೆಯೇ ಮುರಿಯುತ್ತದೆ.

ಕಾನೂನಿನ ಹಿನ್ನೆಲೆ ಬೇಕಿದ್ದರೆ ಇಲ್ಲಿ ಒಂದು ವಾಕ್ಯ ಸಾಕು: 1788ರ ಕಾಯ್ದೆ ಎಂಟು ವರ್ಷಕ್ಕಿಂತ ಚಿಕ್ಕವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬಾರದೆಂದು ಹೇಳಿತು, ಆದರೆ ಮಕ್ಕಳನ್ನು ಹೊಗೆಗೂಡಿಗೆ ಹತ್ತಿಸುವ ಪದ್ಧತಿಗೆ ಪರಿಣಾಮಕಾರಿ ತಡೆ ಬಿದ್ದದ್ದು 1875ರಲ್ಲಿ.

ಉಳಿದ ಪದ್ಯಗಳಿಗೂ ಇದೇ ಪಟ್ಟಿಯನ್ನು ಮುಂದುವರಿಸಿ. ‘ದಿ ಲಿಟಲ್ ಬಾಯ್ ಲಾಸ್ಟ್’ನಲ್ಲಿ ತಂದೆಯ ಕ್ರಿಯೆ ಒಂದೇ, ವೇಗವಾಗಿ ನಡೆಯುವುದು, ಮಾತಾಡು, ಇಲ್ಲದಿದ್ದರೆ ಕಳೆದುಹೋಗುತ್ತೇನೆ ಎಂದು ಮಗು ಬೇಡಿದರೂ ಉತ್ತರವಿಲ್ಲ. ‘ಎ ಲಿಟಲ್ ಬಾಯ್ ಲಾಸ್ಟ್’ನಲ್ಲಿ ತಂದೆತಾಯಿ ಅಳುತ್ತಾರೆ, ಅಷ್ಟೇ; ಪಾದ್ರಿಯ ಕೈಯಿಂದ ಮಗುವನ್ನು ಬಿಡಿಸಿಕೊಳ್ಳುವ ಕ್ರಿಯಾಪದ ಆ ಪದ್ಯದಲ್ಲಿಲ್ಲ. ‘ಇನ್‌ಫೆಂಟ್ ಸಾರೋ’ನಲ್ಲಿ ತಾಯಿ ನರಳುತ್ತಾಳೆ, ತಂದೆ ಅಳುತ್ತಾನೆ, ಮಗು ತಂದೆಯ ಕೈಯಲ್ಲಿ ಒದ್ದಾಡುತ್ತದೆ, ಸುತ್ತಿದ ಬಟ್ಟೆಯ ವಿರುದ್ಧ ಹೆಣಗುತ್ತದೆ, ದಣಿದು ತಾಯಿಯ ಎದೆಗೆ ಮುಖವಿಟ್ಟು ಮುನಿಯುತ್ತದೆ. ಹಿಡಿದುಕೊಂಡಿರುವುದು ಪ್ರೀತಿಯ ಕೈಯೇ ಇರಬಹುದು, ಮಗುವಿಗೆ ಅದು ಬಂಧನ.

‘ಎ ಲಿಟಲ್ ಗರ್ಲ್ ಲಾಸ್ಟ್’ನ ಓನಾ ತೋಟದಲ್ಲಿ ತರುಣನೊಬ್ಬನನ್ನು ಭೇಟಿಯಾಗಿ ತಂದೆಯ ಮುಂದೆ ಬಂದಾಗ, ಧರ್ಮಗ್ರಂಥದಂತಿದ್ದ ಅವನ ಪ್ರೀತಿಯ ನೋಟಕ್ಕೆ ಭಯದಿಂದ ನಡುಗುತ್ತಾಳೆ. ಅನುಭವದ ಭಾಗದಲ್ಲಿ ಪ್ರೀತಿ ಇಲ್ಲವೆಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಡ. ಅಲ್ಲಿ ಪ್ರೀತಿ ಇದೆ, ಅದರೊಳಗೆ ಭಯ, ನಿಯಮ, ಒಡೆತನ ಸೇರಿಕೊಂಡಿವೆ.

ಕ್ರಿಯಾಪದಗಳ ಪಟ್ಟಿ ಮುಗಿದ ಮೇಲೆ ಚಿತ್ರಗಳನ್ನು ನೋಡಿ. ‘ಇನ್‌ಫೆಂಟ್ ಜಾಯ್’ನ ತಾಯಿ ಮಗು ಇಬ್ಬರೂ ಅರಳಿದ ದೊಡ್ಡ ಹೂವಿನೊಳಗೆ ಇದ್ದಾರೆ, ‘ಇನ್‌ಫೆಂಟ್ ಸಾರೋ’ ಕೋಣೆಯೊಳಗೆ, ಹಾಸಿಗೆಯ ಬಳಿ ನಡೆಯುತ್ತದೆ. ಚಿತ್ರವನ್ನು ಮೊದಲೇ ನೋಡಿದರೆ ಅದು ಪದ್ಯದ ಅರ್ಥವನ್ನು ನಿರ್ಧರಿಸಿಬಿಡುತ್ತದೆ, ಆದ್ದರಿಂದ ಈ ಕ್ರಮ.

ಹಂತ 4: ಎರಡನ್ನೂ ಒಟ್ಟಿಗೆ ಹಿಡಿಯುವುದು

ಜೋಡಿಯಲ್ಲಿ ಒಂದನ್ನು ಗೆಲ್ಲಿಸುವ ಚಪಲ ಇಲ್ಲಿ ಬರುತ್ತದೆ. ಅನುಭವದ ಪದ್ಯ ನಿಜ ಹೇಳುತ್ತದೆ, ಮುಗ್ಧತೆಯ ಪದ್ಯ ಭ್ರಮೆ ಎಂದು ಬರೆಯುವವರು ಹೆಚ್ಚು. ಆದರೆ ಮುಗ್ಧತೆಯ ಭಾಗದ ‘ಆನ್ ಅನದರ್ಸ್ ಸಾರೋ’ ಪದ್ಯ ಕೇಳುವ ಪ್ರಶ್ನೆಗಳನ್ನು ಅನುಭವದ ಪದ್ಯಗಳ ಪಕ್ಕದಲ್ಲಿಡಿ: ಮಗುವಿನ ಕಣ್ಣೀರು ಕಂಡ ತಂದೆ ದುಃಖಿಸದೆ ಇರಬಲ್ಲನೇ, ಮಗುವಿನ ನರಳಾಟ ಕೇಳಿ ತಾಯಿ ಸುಮ್ಮನೆ ಕೂರಬಲ್ಲಳೇ? ಸಾಧ್ಯವಿಲ್ಲ ಎನ್ನುತ್ತದೆ ಆ ಪದ್ಯ. ಸಾಧ್ಯವಿದೆ ಎಂದು ಚರ್ಚಿಗೆ ಹೋದ ತಂದೆತಾಯಿ ತೋರಿಸುತ್ತಾರೆ. ಅವರ ನಡೆ ತಪ್ಪೆಂದು ನಮಗೆ ತಿಳಿಯುವುದು ಮೊದಲ ಪದ್ಯ ಇಟ್ಟ ಅಳತೆಗೋಲಿನಿಂದಲೇ. ಈ ಸಂಬಂಧವನ್ನು ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ಮೂರನೆಯ ಹಂತಕ್ಕೆ ಮರಳಿ.

ಹಂತ 5: ತಂದೆಯೇ ಮಾತಾಡುವ ಪದ್ಯಗಳಿಗೆ ಹೋಗುವುದು

ಬ್ಲೇಕ್‌ನಲ್ಲಿ ಹೆಚ್ಚಾಗಿ ಮಗುವಿನ ಕಡೆಯಿಂದ ತಂದೆ ಕಾಣುತ್ತಾನೆ. ಕೋಲ್‌ರಿಜ್, ವರ್ಡ್ಸ್‌ವರ್ತ್‌ರಲ್ಲಿ ತಂದೆಯೇ, ಇಲ್ಲವೇ ದೊಡ್ಡವನೊಬ್ಬ, ಮಗುವನ್ನು ನೋಡುತ್ತ ಮಾತಾಡುತ್ತಾನೆ. ಅಂಕಣಗಳು ಅವೇ ಇರಲಿ, ಉತ್ತರಗಳು ಬೇರೆಯಾಗುತ್ತವೆ.

1798ರ ಫೆಬ್ರವರಿಯಲ್ಲಿ ಕೋಲ್‌ರಿಜ್ ಬರೆದ ‘ಫ್ರಾಸ್ಟ್ ಅಟ್ ಮಿಡ್‌ನೈಟ್’ ಅನ್ನು ಕಾಲದ ಪ್ರಕಾರ ನಾಲ್ಕಾಗಿ ಒಡೆಯಿರಿ: ಮಲಗಿದ ಮಗುವಿನ ಪಕ್ಕದ ಈ ರಾತ್ರಿ, ಲಂಡನ್ನಿನ ಶಾಲೆಯ ದಿನಗಳು, ಅಲ್ಲಿ ಕೂತು ಕನಸಿದ ಹುಟ್ಟೂರು, ಮಗುವಿನ ಮುಂದಿನ ಬದುಕು. ಎಲ್ಲರೂ ನಾಲ್ಕನೆಯದಕ್ಕೆ ಹಾರಿ, ಪ್ರಕೃತಿಯ ಮಡಿಲಲ್ಲಿ ಮಗು ಬೆಳೆಯಲಿ ಎಂಬ ಹಾರೈಕೆಯನ್ನು ಕೊಂಡಾಡಿ ಮುಗಿಸುತ್ತಾರೆ. ಬೆಲೆಬಾಳುವ ಸಾಲುಗಳು ಎರಡನೆಯ ತುಂಡಿನಲ್ಲಿವೆ. ಶಾಲೆಯ ಬಾಗಿಲು ತುಸು ತೆರೆದಾಗಲೆಲ್ಲ ಹುಡುಗ ತಲೆಯೆತ್ತಿ ನೋಡುತ್ತಿದ್ದದ್ದು ಊರಿನವರೋ, ಅತ್ತೆಯೋ, ಅಕ್ಕನೋ ಬಂದಾರೆಂದು. ಆ ಪಟ್ಟಿಯಲ್ಲಿ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಪದ್ಯದ ಕೊನೆಯ ಹಾರೈಕೆ ಈ ಖಾಲಿ ಜಾಗದಿಂದ ಹುಟ್ಟಿದ್ದು.

ಪಾಠಾಂತರವನ್ನು ಇಲ್ಲಿ ಮರೆಯಬೇಡಿ. ಮೊದಲ ಪ್ರಕಟಣೆಯಲ್ಲಿ ಮಗು ಹಿಮಗಡ್ಡೆಯ ಹೊಳಪು ಕಂಡು ತಾಯಿಯ ತೋಳಿನಿಂದ ಚಿಮ್ಮಲು ನೋಡುವ ಸಾಲುಗಳಿದ್ದವು. ಕೋಲ್‌ರಿಜ್ ಮುಂದೆ ಅವುಗಳನ್ನು ತೆಗೆದು, ಚಂದ್ರನ ಬೆಳಕಿನ ಸಾಲಿಗೆ ಪದ್ಯವನ್ನು ನಿಲ್ಲಿಸಿದ. ಕಲಾದೃಷ್ಟಿಯಿಂದ ತಿದ್ದುಪಡಿ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರೊಂದಿಗೆ ತಾಯಿ ಪದ್ಯದಿಂದ ಪೂರ್ತಿ ಹೊರಬಿದ್ದಳು. ತಂದೆತಾಯಿಯ ಪ್ರೀತಿಯ ಬಗ್ಗೆ ಬರೆಯುವವರು ಇದನ್ನು ಗಮನಿಸದೆ ಮುಂದೆ ಹೋಗುವಂತಿಲ್ಲ.

ವರ್ಡ್ಸ್‌ವರ್ತ್‌ನ ‘ಅನೆಕ್ಡೋಟ್ ಫಾರ್ ಫಾದರ್ಸ್’, ‘ವಿ ಆರ್ ಸೆವೆನ್’ ಎರಡೂ 1798ರವು, ಎರಡರಲ್ಲೂ ದೊಡ್ಡವನೊಬ್ಬ ಮಗುವನ್ನು ಪ್ರಶ್ನಿಸುತ್ತಾನೆ. ಮೊದಲನೆಯದರಲ್ಲಿ, ಒಂದು ಊರಿಗಿಂತ ಇನ್ನೊಂದು ಇಷ್ಟವೆಂದ ಮಾತಿಗೆ ತಂದೆ ಐದು ಸಲ ‘ಏಕೆ’ ಎಂದು ಪೀಡಿಸಿದಾಗ, ಐದು ವರ್ಷದ ಹುಡುಗ ಕಣ್ಣಿಗೆ ಬಿದ್ದ ಗಾಳಿಕೋಳಿಯನ್ನು (ಗಾಳಿಯ ದಿಕ್ಕು ತೋರಿಸುವ ಸೂಚಿಯನ್ನು) ಕಾರಣವಾಗಿ ಹೇಳಿಬಿಡುತ್ತಾನೆ. ಸುಳ್ಳನ್ನು ಕಲಿಸಿದ್ದು ಪ್ರೀತಿಯ ತಂದೆಯೇ, ಅದೂ ಅರಿವಿಲ್ಲದೆ. ಮಗುವಿನ ಮುಗ್ಧತೆಯನ್ನು ಹೊಗಳಿ ಬಿಟ್ಟರೆ ಶೀರ್ಷಿಕೆಯಲ್ಲೇ ಇರುವ ‘ತಂದೆಯರಿಗಾಗಿ’ ಎಂಬ ಗುರಿ ತಪ್ಪುತ್ತದೆ.

1800ರ ‘ಮೈಕಲ್’ ಅನ್ನು ಬಿಡಬೇಡಿ. ಮುದುಕ ಕುರುಬ ಮಗ ಲ್ಯೂಕ್‌ನ ತೊಟ್ಟಿಲನ್ನು ತಾನೇ ತೂಗಿದ್ದಾನೆ, ಅವನಿಗಾಗಿ ಕೋಲು ಮಾಡಿಕೊಟ್ಟಿದ್ದಾನೆ. ಸಂಬಂಧಿಕನಿಗೆ ಕೊಟ್ಟ ಜಾಮೀನು ಮೈಮೇಲೆ ಬಂದಾಗ ಜಮೀನು ಮಾರಲು ಮನಸ್ಸೊಪ್ಪದೆ, ದುಡಿಯಲು ಮಗನನ್ನು ಪಟ್ಟಣಕ್ಕೆ ಕಳಿಸುತ್ತಾನೆ. ಜಮೀನು ಉಳಿಸುವುದೂ ಮಗನಿಗಾಗಿ, ಮಗನನ್ನು ಕಳೆದುಕೊಳ್ಳುವುದೂ ಅದೇ ಕಾರಣದಿಂದ. ಲ್ಯೂಕ್ ಅಡ್ಡದಾರಿ ಹಿಡಿದು ಸಮುದ್ರದಾಚೆ ಓಡಿಹೋಗುತ್ತಾನೆ, ಮಗ ಮೊದಲ ಕಲ್ಲಿಟ್ಟ ಕುರಿದೊಡ್ಡಿ ಪೂರ್ತಿಯಾಗದೆ ಉಳಿಯುತ್ತದೆ. ಹೊಲ ಉಳಿಸಲು ಮಕ್ಕಳನ್ನು ಊರು ಬಿಡಿಸಿದ ಮನೆಗಳನ್ನು ಕಂಡ ನಮ್ಮ ಓದುಗರಿಗೆ ಈ ಪದ್ಯಕ್ಕೆ ಹೆಚ್ಚಿನ ಟಿಪ್ಪಣಿ ಬೇಕಾಗದು.

ತಾಯಿಯ ಸರದಿ ಬಂದಾಗ ಆನಾ ಲಟೀಷಿಯಾ ಬಾರ್ಬಾಲ್ಡ್ ಬರೆದ ‘ಟು ಎ ಲಿಟಲ್ ಇನ್ವಿಸಿಬಲ್ ಬೀಯಿಂಗ್’ ಎಂದು ಆರಂಭವಾಗುವ ಶೀರ್ಷಿಕೆಯ ಪದ್ಯವನ್ನು ಸೇರಿಸಿಕೊಳ್ಳಿ. ಅದು ಹುಟ್ಟಲಿರುವ ಮಗುವನ್ನು ಉದ್ದೇಶಿಸಿದ್ದು. ಎರಡನೆಯ ಹಂತದ ಪ್ರಶ್ನೆಯನ್ನು ಇಲ್ಲಿಯೂ ಕೇಳಿ: ಮಾತಾಡುವವಳು ಗರ್ಭಿಣಿಯಲ್ಲ, ಅವಳನ್ನು ಹತ್ತಿರದಿಂದ ಬಲ್ಲ ಇನ್ನೊಬ್ಬಳು.

ಹಂತ 6: ಕವಿಯ ಜೀವನಕ್ಕೆ ಈಗ ಪ್ರವೇಶ

ಬ್ಲೇಕ್ ದಂಪತಿಗೆ ಮಕ್ಕಳಿರಲಿಲ್ಲ. ಕೋಲ್‌ರಿಜ್‌ನ ತಂದೆ 1781ರಲ್ಲಿ ತೀರಿಕೊಂಡ, ಮರುವರ್ಷ ಹುಡುಗನನ್ನು ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಗೆ ಕಳಿಸಿದರು. ‘ಫ್ರಾಸ್ಟ್ ಅಟ್ ಮಿಡ್‌ನೈಟ್’ನಲ್ಲಿ ಮಲಗಿರುವ ಅವನ ಮೊದಲ ಮಗ ಹಾರ್ಟ್ಲಿ 1796ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದವನು. ಎರಡನೆಯ ಮಗ ಬರ್ಕ್ಲಿ 1799ರಲ್ಲಿ ಸತ್ತಾಗ ತಂದೆ ಜರ್ಮನಿಯಲ್ಲಿದ್ದ. ಮುಂದೆ ಸಂಸಾರದಿಂದ ದೂರವೇ ಉಳಿದ ಕೋಲ್‌ರಿಜ್‌ನ ಬದುಕನ್ನು ಹಿಡಿದು, ಪದ್ಯದ ಪ್ರೀತಿ ಬೂಟಾಟಿಕೆ ಎಂದು ತೀರ್ಪು ಕೊಡುವುದು ಸಾಮಾನ್ಯ ತಪ್ಪು. ಬರೆದ ರಾತ್ರಿಗೆ ಮುಂದಿನ ವರ್ಷಗಳು ಸಾಕ್ಷಿಯಾಗಲಾರವು.

ವರ್ಡ್ಸ್‌ವರ್ತ್‌ನ ‘ಸರ್ಪ್ರೈಸ್ಡ್ ಬೈ ಜಾಯ್’ ಸಾನೆಟ್‌ನಲ್ಲಿ ತೊಡಕು ಬೇರೆ. ಸಂತೋಷವನ್ನು ಹಂಚಿಕೊಳ್ಳಲು ತಿರುಗಿದವನಿಗೆ, ಹಂಚಿಕೊಳ್ಳಬೇಕಾದ ಜೀವ ಮಣ್ಣಿನಲ್ಲಿದೆಯೆಂಬುದು ನೆನಪಾಗುತ್ತದೆ. ಒಂದು ಕ್ಷಣವಾದರೂ ಮರೆತೆನಲ್ಲ ಎಂಬುದೇ ಅವನ ಸಂಕಟ. ಆ ಜೀವ ಮಗಳೆಂದು ಸಾನೆಟ್ ಎಲ್ಲಿಯೂ ಹೇಳುವುದಿಲ್ಲ. 1812ರ ಜೂನ್‌ನಲ್ಲಿ ಮೂರು ವರ್ಷದ ಕ್ಯಾಥರಿನ್ ತೀರಿಕೊಂಡ ಸಂಗತಿ ನಮಗೆ ಹೊರಗಿನಿಂದ ಬರುತ್ತದೆ. ಅದನ್ನು ಬಳಸಬಹುದು, ಆದರೆ ಪದ್ಯ ಹೇಳಿದ್ದು ಯಾವುದು, ಜೀವನಚರಿತ್ರೆ ಹೇಳಿದ್ದು ಯಾವುದು ಎಂದು ಬೇರ್ಪಡಿಸಿ ಬರೆಯಬೇಕು.

ಹಂತ 7: ಬರೆಯುವುದು ಮತ್ತು ಪರೀಕ್ಷಿಸುವುದು

ಪ್ರತಿ ಪ್ಯಾರಾವನ್ನು ಒಂದು ಕ್ರಿಯಾಪದದಿಂದ ಕಟ್ಟಿ. ಯಾರು ಮಾತಾಡುತ್ತಾರೆ, ತಂದೆ ಅಥವಾ ತಾಯಿ ಏನು ಮಾಡುತ್ತಾರೆ, ಮಗುವಿಗೆ ಏನಾಗುತ್ತದೆ, ಜೋಡಿ ಪದ್ಯದಲ್ಲಿ ಇದು ಹೇಗೆ ಬದಲಾಗುತ್ತದೆ ಎಂಬ ನಾಲ್ಕು ಮಾತು ಬಂದ ಮೇಲೆಯೇ ಮುಗ್ಧತೆ, ಅನುಭವ ಎಂಬ ಪದಗಳನ್ನು ತನ್ನಿ. ಐದು ಪದ್ಯಗಳನ್ನು ಮುಟ್ಟಿ ಹೋಗುವುದಕ್ಕಿಂತ ಒಂದು ಜೋಡಿ ಮತ್ತು ಒಂದು ಒಂಟಿ ಪದ್ಯ ಸಾಕು.

ಕೊನೆಯ ಪರೀಕ್ಷೆ ಹೀಗೆ: ಕರಡಿನಲ್ಲಿ ಪದ್ಯಗಳ ಹೆಸರುಗಳನ್ನೆಲ್ಲ ಪೆನ್ಸಿಲ್‌ನಿಂದ ಮುಚ್ಚಿ, ಇನ್ನೊಬ್ಬರ ಕೈಗೆ ಕೊಡಿ. ಯಾವ ಪ್ಯಾರಾ ಯಾವ ಪದ್ಯದ್ದೆಂದು ಅವರು ಹೇಳಬಲ್ಲರಾದರೆ ಬರಹ ನಿಲ್ಲುತ್ತದೆ. “ಮಗುವಿನ ಮನಸ್ಸು ನಿರ್ಮಲವಾದದ್ದು” ಎಂಬಂಥ ವಾಕ್ಯ ಎಲ್ಲ ಪದ್ಯಗಳಿಗೂ ಹೊಂದುತ್ತದೆ. ಅಂಥವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಎರಡನೆಯ ಅಂಕಣದಿಂದ ಒಂದು ಕ್ರಿಯೆಯನ್ನು ಎತ್ತಿ ಬರೆಯಿರಿ.